ಭತ್ತದ ಹಾರ್ಮೋನು: ಬಾಟಲಿಗೆ ಕೈ ಹಾಕುವ ಮುಂಚೆ ಗದ್ದೆಯಲ್ಲಿ ಮಾಡಬೇಕಾದ್ದು

ಮೂರು ವರ್ಷದ ಹಿಂದಿನ ಮಾತು. ಪೇಟೆಗೆ ಗೊಬ್ಬರ ತರಲು ಹೋದವನಿಗೆ ಅಂಗಡಿಯವರೊಬ್ಬರು ಒಂದು ಬಾಟಲಿ ಕೈಗಿಟ್ಟರು. "ಇದೊಂದು ಹೊಡೀರಿ, ತೆನೆ ಗೇಣುದ್ದ ಬರ್ತದೆ" ಅಂದರು. ಮೇಲೆ ಜಿಬ್ಬರೆಲಿಕ್ ಆಮ್ಲ ಎಂದಿತ್ತು. ನಾನು ಸುಮ್ನೆ ತಂದೆ, ಸುಮ್ನೆ ಹೊಡೆದೆ. ಅದೂ ಎಲ್ಲಿಗೆ? ಮೊದಲೇ ಎದೆಯೆತ್ತರ ಬೆಳೆಯುವ ಊರ ತಳಿಗೆ. ಅಳತೆಯಲ್ಲೂ ಕೈ ಸ್ವಲ್ಪ ಜೋರಾಯಿತು. ಹದಿನೈದು ದಿನದಲ್ಲಿ ಪೈರು ಮತ್ತೂ ಗೇಣು ಏರಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಹೊಗಳಿದ್ದೇ ಹೊಗಳಿದ್ದು. ಚಿತ್ತಾ ಮಳೆಯ ಒಂದು ರಾತ್ರಿ ಗಾಳಿ ಬೀಸಿತು ನೋಡಿ, ಬೆಳಗಾಗುವಷ್ಟರಲ್ಲಿ ಗದ್ದೆಗೆ ಚಾಪೆ ಹಾಸಿದ ಹಾಗಿತ್ತು. ಪಕ್ಕದ ಗದ್ದೆಯ ಅಜ್ಜ ಅಂಚಿನ ಮೇಲೆ ಕೂತು ಕವಳ ಹಾಕುತ್ತಾ ಕೇಳಿದರು: "ತಮಾ, ನೀ ಔಷಧ ಹೊಡೆದದ್ದು ಕಾಳಿಗೋ, ಹುಲ್ಲಿಗೋ?"

ಆಮೇಲೆ ಕೂತು ಓದಿದೆ, ತಿಳಿದವರನ್ನು ಕೇಳಿದೆ, ಗದ್ದೆಯಲ್ಲಿ ಗಿಡ ಸೀಳಿ ನೋಡಿದೆ. ತಿಳಿದದ್ದು ಇಷ್ಟು. ಹಾರ್ಮೋನು ಭತ್ತದ ಒಳಗೇ ತಯಾರಾಗುತ್ತದೆ, ಕಡ್ಡಿಯ ತುದಿಯಷ್ಟೂ ಬೇಡ, ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಗೊಬ್ಬರ ಗಿಡದ ಊಟವಾದರೆ ಹಾರ್ಮೋನು ಊಟಕ್ಕೆ ಕರೆಯುವ ಕೂಗು. ಆ ಕೂಗು ಯಾವಾಗ ಏಳಬೇಕು, ಯಾವಾಗ ಅಡಗಬೇಕು ಎನ್ನುವುದನ್ನು ನಾವು ನೀರು, ಅಂತರ, ಗೊಬ್ಬರದ ಹೊತ್ತು ಇವುಗಳಿಂದಲೇ ಬಹುಪಾಲು ತಿರುಗಿಸಬಹುದು. ಈ ಮೂರೂ ಸರಿ ಇಲ್ಲದ ಗದ್ದೆಗೆ ಬಾಟಲಿ ಸುರಿದು ಏನೂ ಬಾರದು.

ಕೆಳಗಿನದು ಕುಮಟಾ–ಅಂಕೋಲಾ ಕಡೆಯ ಮುಂಗಾರು ಭತ್ತದ ಲೆಕ್ಕ. ಶಿರಸಿ, ಸಿದ್ದಾಪುರದ ಘಟ್ಟದ ಮೇಲಿನವರು ದಿನಗಳನ್ನು ತಮ್ಮ ಮಳೆಗೆ ಹೊಂದಿಸಿಕೊಳ್ಳಿ.

ಬೀಜ ನೆನೆಸುವ ದಿನ

ನಾಟಿಗಾದರೆ ಎಕರೆಗೆ 25 ಕಿಲೋ ಬೀಜ ಸಾಕು. ನೀರಿಗೆ ಉಪ್ಪು ಹಾಕಿ ಕದಡುತ್ತಾ ಬನ್ನಿ, ಕೋಳಿಮೊಟ್ಟೆ ತೇಲುವ ಹದ ಬಂದಾಗ ಬೀಜ ಸುರಿಯಿರಿ. ಮೊಟ್ಟೆ ಒಳಗೆ ತರದ ಮನೆಯವರು ಬಟಾಟೆ ಹಾಕಿ ನೋಡಬಹುದು, ಅದೂ ತೇಲುತ್ತದೆ. ಮೇಲೆ ಬಂದ ಜೊಳ್ಳು ತೆಗೆದು, ತಳದಲ್ಲಿ ಕೂತದ್ದನ್ನು ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೆಯಿರಿ. ಆಮೇಲೆ 24 ಗಂಟೆ ನೆನೆಹಾಕಿ, ನೀರು ಬಸಿದು, ಗೋಣಿಚೀಲಕ್ಕೆ ತುಂಬಿ, ಹುಲ್ಲು ಮುಚ್ಚಿ ಇನ್ನೊಂದು ದಿನ ಬೆಚ್ಚಗಿಡಿ.

ಆ ಎರಡು ದಿನ ಚೀಲದೊಳಗೆ ದೊಡ್ಡ ಕೆಲಸ ನಡೆಯುತ್ತದೆ. ಕಾಳು ಮಲಗಿರುವಂತೆ ಹಿಡಿದಿಟ್ಟಿರುವುದು ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು. ನೀರು ಒಳಗಿಳಿದ ಹಾಗೆ ಅದರ ಹಿಡಿತ ಸಡಿಲವಾಗುತ್ತದೆ. ಆಗ ಕಾಳಿನ ಮೂಲೆಯಲ್ಲಿರುವ ಪುಟ್ಟ ಭ್ರೂಣ ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನು ತಯಾರಿಸಿ ತೌಡಿನ ಪದರಕ್ಕೆ ಕಳಿಸುತ್ತದೆ. ಹೌದು, ಗಿರಣಿಯಲ್ಲಿ ಪಾಲಿಶ್ ಮಾಡಿ ದನಕ್ಕೆ ಹಾಕುತ್ತೇವಲ್ಲ, ಅದೇ ತೌಡು. ಆ ಪದರ ಅಮೈಲೇಸ್ ಎಂಬ ಕಿಣ್ವ ಬಿಡುತ್ತದೆ, ಕಿಣ್ವ ಅಕ್ಕಿಯ ಹಿಟ್ಟನ್ನು ಸಕ್ಕರೆ ಮಾಡುತ್ತದೆ, ಸಕ್ಕರೆ ತಿಂದು ಮೊಳಕೆ ಏಳುತ್ತದೆ. ಔಷಧ ಹಾಕದ ಮೊಳಕೆ ಭತ್ತವನ್ನು ಸಿಪ್ಪೆ ಬಿಡಿಸಿ ಜಗಿದು ನೋಡಿ, ಸಿಹಿ ತಾಗುತ್ತದೆ. ರಾಗಿಯನ್ನು ಮೊಳಕೆ ಬರಿಸಿ ಮಾಲ್ಟ್ ಮಾಡುವಾಗ ಬರುವ ಸಿಹಿಯೂ ಇದೇ ಕಿಣ್ವದ್ದು.

ಇಲ್ಲಿ ಆಗುವ ತಪ್ಪು ಒಂದೇ. ಜಾಸ್ತಿ ನೆನೆಸುವುದು, ಬಿತ್ತಿದ ಮೇಲೆ ಮಡಿಯಲ್ಲಿ ನೀರು ನಿಲ್ಲಿಸುವುದು. ಗಾಳಿ ಇಲ್ಲದೆಯೂ ಭತ್ತದ ಮೊಳಕೆ ಮೇಲೆ ಚಾಚುತ್ತದೆ, ಆದರೆ ಬೇರು ಬಿಡುವುದಿಲ್ಲ. ನೋಡಲು ಮೊಳಕೆ ಚೆಂದ, ಹಿಡಿದರೆ ತೇಲಿಹೋಗುತ್ತದೆ. ಬಿಳಿ ಮೂತಿ ಹೊರಗೆ ಕಂಡ ಕೂಡಲೇ ಬಿತ್ತಿ. ಬೇರು ಹೆಣೆದುಕೊಳ್ಳುವವರೆಗೆ ಕಾದರೆ ಬಿಡಿಸುವಾಗ ಮುರಿಯುತ್ತದೆ.

ಅಗೆ ಮಡಿಯಲ್ಲಿ ಕಣ್ಣಿಡಬೇಕಾದ ಉದ್ದನೆ ಸಸಿ

ಎಕರೆ ಗದ್ದೆಗೆ 3 ಗುಂಟೆ ಮಡಿ ಮಾಡಿ, ತೆಳ್ಳಗೆ ಚೆಲ್ಲಿ. ಒತ್ತಾಗಿ ಚೆಲ್ಲಿದರೆ ಸಸಿಗಳು ಒಂದರ ನೆರಳಲ್ಲಿ ಒಂದು ಬೆಳೆಯುತ್ತವೆ. ನೆರಳು ಬಿದ್ದ ಗಿಡದಲ್ಲಿ ಆಕ್ಸಿನ್, ಜಿಬ್ಬರೆಲಿನ್ ಎಂಬ ಉದ್ದ ಬೆಳೆಸುವ ಹಾರ್ಮೋನುಗಳು ಎರಡೂ ಜೋರಾಗುತ್ತವೆ. ಸಸಿ ಬಿಸಿಲು ಹುಡುಕಿಕೊಂಡು ಸಣಕಲಾಗಿ ಎದ್ದು ನಿಲ್ಲುತ್ತದೆ. ಜಪಾನಿನ ರೈತರು ಎಳೆಯ ಗೋಧಿ, ಬಾರ್ಲಿಯ ಮೇಲೆ ಬೇಕೆಂದೇ ನಡೆದು ತುಳಿಯುವ ಹಳೇ ಪದ್ಧತಿ ಇದೆ. ತುಳಿತಕ್ಕೆ ಗಿಡದಲ್ಲಿ ಎಥಿಲಿನ್ ಎಂಬ ಹಾರ್ಮೋನು ಹೆಚ್ಚಿ ಕಾಂಡ ಕುಳ್ಳಗೆ, ದಪ್ಪಗೆ ಆಗುತ್ತದೆ. ನಮ್ಮ ಕೆಸರು ಮಡಿಯಲ್ಲಿ ಅದನ್ನು ಮಾಡಲು ಹೋಗಬೇಡಿ ಮತ್ತೆ!

ಬಿತ್ತಿ ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಮಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಸಸಿಗಳ ಮಟ್ಟಕ್ಕೆ ಕಣ್ಣು ತಂದು ನೋಡಿ. ಎಲ್ಲ ಒಂದೇ ಎತ್ತರವಿರುವ ಕಡೆ ಅಲ್ಲೊಂದು ಇಲ್ಲೊಂದು ಸಸಿ ಉಳಿದವಕ್ಕಿಂತ ಒಂದೂವರೆ ಪಟ್ಟು ಎತ್ತರ, ತೆಳ್ಳಗೆ, ತಿಳಿಹಳದಿಯಾಗಿ ನಿಂತಿದ್ದರೆ ಅದು ಜೋರು ಬೆಳೆಯಲ್ಲ, ರೋಗ. ಜಪಾನಿನಲ್ಲಿ ಇದಕ್ಕೆ ಬಕಾನೆ ಅನ್ನುತ್ತಾರೆ, ಪೆದ್ದು ಸಸಿ ಎಂದು ಅರ್ಥ. ಜಗತ್ತಿಗೆ ಜಿಬ್ಬರೆಲಿನ್ ಗೊತ್ತಾದದ್ದೇ ಈ ಪೆದ್ದು ಸಸಿಯಿಂದ. 1926ರಲ್ಲಿ ಕುರೊಸಾವಾ ಎಂಬ ವಿಜ್ಞಾನಿ ರೋಗದ ಶಿಲೀಂಧ್ರ ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದ ಆ ನೀರನ್ನು ಆರೋಗ್ಯದ ಸಸಿಗೆ ಹಾಕಿದ. ಸಸಿ ಹಾಗೇ ಉದ್ದವಾಯಿತು. ಅಂದರೆ ಉದ್ದ ಮಾಡುವ ವಸ್ತು ನೀರಲ್ಲಿತ್ತು. 1935ರಲ್ಲಿ ಯಬುಟಾ ಎಂಬ ಇನ್ನೊಬ್ಬ ವಿಜ್ಞಾನಿ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟ. ನನಗೆ ಅಂಗಡಿಯಲ್ಲಿ ಕೊಟ್ಟ ಬಾಟಲಿಯಲ್ಲಿ ಇದ್ದದ್ದೂ ಅದೇ ಬಳಗದ್ದು. ರೋಗ ಮಾಡುವ ಕೆಲಸವನ್ನು ನಾನು ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೆ.

ಇಂಥ ಸಸಿ ಕಂಡರೆ ಬೇರು ಸಮೇತ ಕಿತ್ತು ಸುಡಿ ಅಥವಾ ಹೂಳಿ. ನಾಟಿ ಮಾಡಿದರೆ ಒಂದೋ ಸಾಯುತ್ತದೆ, ಇಲ್ಲವೇ ಜೊಳ್ಳು ಬಿಡುತ್ತದೆ. ಮುಂದಿನ ವರ್ಷಕ್ಕೆ ಆ ಗದ್ದೆಯ ಬೀಜ ಇಡಬೇಡಿ. ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ ಉಪಚಾರ ಮಾಡಿದರೆ ಬಹಳ ಮಟ್ಟಿಗೆ ತಡೆಯಬಹುದು.

ನಾಟಿ: ಬೇರನ್ನು ಮುದ್ದಿನಿಂದ ಕೀಳಿ

ಸೈಟೊಕೈನಿನ್ ಎಂಬ ಹಾರ್ಮೋನು ಹೆಚ್ಚಾಗಿ ಬೇರಿನ ತುದಿಯಲ್ಲಿ ಹುಟ್ಟಿ ಮೇಲೇರುತ್ತದೆ. ತೆಂಡೆ (ಬುಡದಿಂದ ಏಳುವ ಮರಿಕಾಂಡ) ಒಡೆಸುವುದು, ಎಲೆ ಹಸಿರಾಗಿ ಇಡುವುದು, ತೆನೆಯಲ್ಲಿ ಕಾಳಿನ ಸಂಖ್ಯೆ ಹೆಚ್ಚಿಸುವುದು ಎಲ್ಲ ಅದರ ಪಾಲು. ಒಣ ಮಡಿಯಿಂದ ಸಸಿ ಎಳೆದು, ಬೇರಿನ ಮಣ್ಣು ಬಿಡಿಸಲು ಕಾಲಿಗೆ ಬಡಿದರೆ ಆ ತುದಿಗಳೇ ಹರಿದುಹೋಗುತ್ತವೆ. ಹೊಸ ಬೇರು ಬರುವವರೆಗೆ ಗಿಡ ಹಳದಿಯಾಗಿ ಕೂರುತ್ತದೆ. ಹಿಂದಿನ ಸಂಜೆ ಮಡಿಗೆ ನೀರು ಬಿಟ್ಟು, ಕೆಳಗೆ ಕೈ ಹಾಕಿ ಕಿತ್ತು, ನೀರಲ್ಲಿ ಅಲ್ಲಾಡಿಸಿ ತೊಳೆಯಿರಿ.

21ರಿಂದ 25 ದಿನದ ಅಗೆ, ಬುಡಕ್ಕೆ 2–3 ಸಸಿ, ಆಳ 2–3 ಸೆಂಟಿಮೀಟರ್. ಆಳ ಊರಿದರೆ ಕೆಳಗಿನ ಗೆಣ್ಣುಗಳು ಕೆಸರಲ್ಲಿ ಹೂತುಹೋಗಿ ತೆಂಡೆ ತಡವಾಗುತ್ತದೆ. ಮಳೆಗೆ ಸಸಿ ತೇಲೀತು ಎಂಬ ಭಯದಲ್ಲಿ ನಮ್ಮ ಕಡೆ ಆಳಕ್ಕೇ ಊರುತ್ತಾರೆ. ಅದರ ಬದಲು ನಾಟಿಯ ದಿನ ನೀರು ಬಸಿಯಿರಿ.

ತೆಂಡೆ ಒಡೆಯುವ ಹೊತ್ತು

ನಾಟಿಯಾಗಿ ಬೇರು ಹಿಡಿದ ಮೇಲೆ ಮೂರು ನಾಲ್ಕು ವಾರ ಗದ್ದೆಯ ಭವಿಷ್ಯ ಬರೆಯುವ ಕಾಲ. ಪ್ರತಿ ಎಲೆಯ ಬುಡದಲ್ಲೂ ಒಂದು ಮೊಗ್ಗು ಕಾದು ಕೂತಿರುತ್ತದೆ. ಅದನ್ನು ಎಬ್ಬಿಸುವುದು ಸೈಟೊಕೈನಿನ್. ತುದಿಯಿಂದ ಇಳಿಯುವ ಆಕ್ಸಿನ್ "ಈಗ ಬೇಡ" ಅನ್ನುತ್ತದೆ. ಇನ್ನೊಂದು ತಡೆ ಸ್ಟ್ರೈಗೊಲ್ಯಾಕ್ಟೋನ್, ಇದು ತೆಂಡೆಯನ್ನು ತಡೆಯುವ ಹಾರ್ಮೋನು ಎಂದು ಖಚಿತವಾದದ್ದು 2008ರಲ್ಲಿ ಮಾತ್ರ. ಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆಯ ಬೀಜ ಮೊಳೆಯುವುದು ಈ ಬಗೆಯ ವಸ್ತುವಿನ ವಾಸನೆ ಹಿಡಿದೇ, ಹೆಸರು ಬಂದದ್ದೂ ಅಲ್ಲಿಂದಲೇ.

ನಮಗೆ ಇದರಲ್ಲಿ ಬೇಕಾದ ಮಾತು ಒಂದಿದೆ. ಮಣ್ಣಲ್ಲಿ ರಂಜಕ ಸಿಗದಿದ್ದರೆ ಬೇರು ಸ್ಟ್ರೈಗೊಲ್ಯಾಕ್ಟೋನ್ ಹೆಚ್ಚು ಮಾಡುತ್ತದೆ. ಮನೆಯಲ್ಲಿ ಅಕ್ಕಿ ಕಡಿಮೆ ಇದ್ದಾಗ ನೆಂಟರನ್ನು ಕರೆಯುವುದಿಲ್ಲವಲ್ಲ, ಹಾಗೆ. ನಮ್ಮ ಕರಾವಳಿಯ ಚಿರೆಕಲ್ಲು ಮಣ್ಣು ಹುಳಿ. ಅದರ ಕಬ್ಬಿಣ, ಅಲ್ಯುಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಯೂರಿಯಾ ಎಷ್ಟು ಹಾಕಿದರೂ ತೆಂಡೆ ಬರದ ಗದ್ದೆಯ ಗುಟ್ಟು ಹಲವು ಸಲ ಇದೇ. ಮಣ್ಣು ಪರೀಕ್ಷೆ ಮಾಡಿಸಿ, ರಂಜಕವನ್ನು ನಾಟಿಗೆ ಮುಂಚೆ ಉಳುಮೆಯಲ್ಲೇ ಸೇರಿಸಿ. ಹುಳಿ ಮಣ್ಣಿಗೆ ಶಿಲಾರಂಜಕ ಹೊಂದುತ್ತದೆ. ಸುಣ್ಣ ಹಾಕಿದ ವರ್ಷ ಅದನ್ನು ಹಾಕಬೇಡಿ, ಕರಗಲು ಅದಕ್ಕೆ ಹುಳಿಯೇ ಬೇಕು. ಸಾರಜನಕವನ್ನು ಮೂರು ಕಂತು ಮಾಡಿ, ಎರಡನೆಯದು ಈ ತೆಂಡೆಯ ಹೊತ್ತಿಗೆ ಬರಲಿ. ನೀರು 2ರಿಂದ 5 ಸೆಂಟಿಮೀಟರ್ ಮಾತ್ರ. ಆಳ ನೀರಲ್ಲಿ ತೆಂಡೆ ಏಳುವುದಿಲ್ಲ.

ಕಳೆನಾಶಕವೂ ಹಾರ್ಮೋನೇ

2,4-ಡಿ ಎಂದು ತರುತ್ತೀರಲ್ಲ, ಅದು 1940ರ ದಶಕದಲ್ಲಿ ಬಂದ ಕೃತಕ ಆಕ್ಸಿನ್. ಅಗಲ ಎಲೆಯ ಕಳೆಗಳು, ಜೇಕು ಇವನ್ನು ಹುಚ್ಚು ಬೆಳವಣಿಗೆಗೆ ತಳ್ಳಿ ತಿರುಚಿ ಕೊಲ್ಲುತ್ತದೆ. ಹುಲ್ಲಿನ ಜಾತಿಯಾದ ಭತ್ತ ತಡೆದುಕೊಳ್ಳುತ್ತದೆ, ಆದರೆ ಯಾವಾಗಲೂ ಅಲ್ಲ. ನಾಟಿಯಾಗಿ 20–25 ದಿನದ ಹೊತ್ತಿಗೆ, ಚೀಟಿಯಲ್ಲಿ ಬರೆದ ಅಳತೆಯಲ್ಲೇ ಹೊಡೆಯಿರಿ. ತೀರಾ ಎಳೆಯದರಲ್ಲೋ, ಕದಿರು ಹುಟ್ಟಿದ ಮೇಲೋ ಹೊಡೆದರೆ ಎಲೆ ಸುತ್ತಿಕೊಂಡು ಈರುಳ್ಳಿ ಎಲೆಯ ಹಾಗೆ ಕೊಳವೆಯಾಗುತ್ತದೆ, ತೆನೆ ಜೊಳ್ಳಾಗುತ್ತದೆ.

ಇಂಥ ಕೊಳವೆ ಕಂಡ ಕೂಡಲೇ ಔಷಧವನ್ನು ಬೈಯಬೇಡಿ. ಉಗುರಿನಿಂದ ಉದ್ದಕ್ಕೆ ಸೀಳಿ. ಬುಡದಲ್ಲಿ ಸಣ್ಣ ಮರಿಹುಳು ಇದ್ದರೆ, ಅಥವಾ ಕೊಳವೆಯ ತುದಿಯಲ್ಲಿ ಹೊರಬಿದ್ದ ತೂತಿದ್ದರೆ ಅದು ಕಣೆ ನೊಣದ ಕೆಲಸ. ಕರಾವಳಿಯಲ್ಲಿ ಅದರ ಕಾಟ ಹಳೆಯದು. ಆ ಹುಳುವೂ ಗಿಡದ ಬೆಳವಣಿಗೆಯ ಕೂಗನ್ನೇ ಕೆಡಿಸಿ ತನಗೊಂದು ಮನೆ ಕಟ್ಟಿಸಿಕೊಂಡಿರುತ್ತದೆ. ಒಳಗೆ ಏನೂ ಇಲ್ಲ, ಹದಿನೈದು ದಿನದ ಹಿಂದೆ ಸಿಂಪಡಿಸಿದ್ದೀರಿ ಎಂದಾದರೆ ಮಾತ್ರ 2,4-ಡಿ ಮೇಲೆ ಅನುಮಾನ ಪಡಿ.

ಗಾಳಿ ಇರುವ ದಿನ ಹೊಡೆಯಲೇಬೇಡಿ. ಪಕ್ಕದವರ ಬದನೆ, ಮೆಣಸು, ಸೌತೆ ಬಳ್ಳಿಗೆ ಒಂದಿಷ್ಟು ತಾಗಿದರೂ ಎಲೆ ಮುದುರಿಕೊಳ್ಳುತ್ತದೆ, ಮಾತೂ ಮುರಿಯುತ್ತದೆ. ಪಂಪ್ ಇದಕ್ಕೇ ಬೇರೆ ಇಟ್ಟರೆ ಒಳ್ಳೆಯದು.

ನೆರೆ ಬಂದಾಗ

ಅಘನಾಶಿನಿ, ಗಂಗಾವಳಿ ಉಕ್ಕಿದರೆ ಗದ್ದೆ ಮುಳುಗುವುದು ನಮಗೆ ಹೊಸತೇನಲ್ಲ. ಮುಳುಗಿದ ಗಿಡದಲ್ಲಿ ಮೊದಲು ಮಾತಾಡುವುದು ಎಥಿಲಿನ್. ಬಾಳೆಹಣ್ಣು ಹಣ್ಣಾಗಿಸುವ ಅದೇ ಅನಿಲ. ಗಾಳಿಯಲ್ಲಾದರೆ ಅದು ಹಾರಿಹೋಗುತ್ತದೆ. ನೀರಲ್ಲಿ ಅನಿಲ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಹಾಗಾಗಿ ಗಿಡದೊಳಗೇ ತುಂಬಿಕೊಳ್ಳುತ್ತದೆ. ಅದು ಅಬ್ಸಿಸಿಕ್ ಆಮ್ಲವನ್ನು ಇಳಿಸಿ ಜಿಬ್ಬರೆಲಿನ್‌ಗೆ ದಾರಿ ಬಿಡುತ್ತದೆ. ಗಿಡ ಇದ್ದಬದ್ದ ಸಕ್ಕರೆಯನ್ನೆಲ್ಲ ಸುರಿದು ನೀರಿನ ಮೇಲೆ ಮೂತಿ ಎತ್ತಲು ಓಡುತ್ತದೆ. ಆಳನೀರಿನ ತಳಿಗಳು ಹೀಗೇ ಬದುಕುತ್ತವೆ. ನಮ್ಮ ಸಾಮಾನ್ಯ ತಳಿ ಓಡಿ ಓಡಿ ಸುಸ್ತಾಗಿ, ನೀರಿಳಿದ ದಿನ ಬಾಗಿ ಬೀಳುತ್ತದೆ.

ಒಡಿಶಾದ ಒಂದು ಹಳೇ ತಳಿಗೆ ಬೇರೆ ಉಪಾಯ ಗೊತ್ತಿತ್ತು. ಮುಳುಗಿದರೆ ಅದು ಬೆಳೆಯುವುದನ್ನೇ ನಿಲ್ಲಿಸಿ ಉಸಿರು ಬಿಗಿಹಿಡಿದು ಕೂರುತ್ತದೆ. ಎಫ್‌ಆರ್13ಎ ಎಂಬ ಆ ತಳಿಯ ಗುಣ ಸಬ್1ಎ ಎಂಬ ವಂಶವಾಹಿಯಲ್ಲಿದೆ ಎಂದು 2006ರಲ್ಲಿ ಗೊತ್ತಾಯಿತು. ಅದನ್ನು ಸೇರಿಸಿದ ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಸುಮಾರು ಎರಡು ವಾರ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ನಮ್ಮ ಮಾಣಿಕಟ್ಟಾ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಎಂಬ ಊರ ತಳಿ ಉಪ್ಪನ್ನೂ ನೆರೆಯನ್ನೂ ಎರಡನ್ನೂ ತಡೆಯುವುದನ್ನು ನೋಡಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಉಪ್ಪು ಏರುವ ಗಜನಿಗೆ ಪೇಟೆಯ ಬೀಜ ತಂದು ಪ್ರಯೋಗ ಮಾಡುವ ಬದಲು ಕಗ್ಗವೇ ಇರಲಿ ಎನ್ನುವ ಪಕ್ಷದವನು ನಾನು.

ನೀರಿಳಿದ ಮೇಲೆ ಗಡಿಬಿಡಿಯಲ್ಲಿ ಯೂರಿಯಾ ಎರಚಬೇಡಿ. ಎಲೆಗೆ ಅಂಟಿದ ಕೆಸರು ತೊಳೆಯುವಂತೆ ನೀರು ಸಿಂಪಡಿಸಿ. ಸುಳಿಯಲ್ಲಿ ಹೊಸ ಎಲೆ ಬಿಡುವವರೆಗೆ, ಹೆಚ್ಚುಕಡಿಮೆ ಒಂದು ವಾರ, ತಡೆಯಿರಿ. ಆಮೇಲೆ ಗೊಬ್ಬರ.

ಕಾಂಡ ಸೀಳಿ ಕದಿರು ನೋಡುವುದು

ಇಡೀ ಲೇಖನದಲ್ಲಿ ನೀವು ಒಂದೇ ಕೆಲಸ ಕಲಿಯುವುದಾದರೆ ಇದನ್ನು ಕಲಿಯಿರಿ. 120 ದಿನದ ತಳಿಯಾದರೆ ಬಿತ್ತಿದ 55ನೇ ದಿನದಿಂದ ಎರಡು ಮೂರು ದಿನಕ್ಕೊಮ್ಮೆ ನಾಲ್ಕೈದು ಬುಡದಿಂದ ಎಲ್ಲಕ್ಕಿಂತ ದಪ್ಪನೆ ತೆಂಡೆ ಕಿತ್ತುಕೊಳ್ಳಿ. ಬೇರು ಕತ್ತರಿಸಿ, ಬ್ಲೇಡಿನಿಂದ ಬುಡದಿಂದ ಮೇಲಕ್ಕೆ ನೇರ ಸೀಳಿ. ಕೊನೆಯ ಗೆಣ್ಣಿನ ಮೇಲೆ 1–2 ಮಿಲಿಮೀಟರ್‌ನ ಬಿಳೀ ಮೂತಿ, ಸಣ್ಣ ನವಿರು ಕೂದಲಿನ ಕುಚ್ಚಿನ ಹಾಗೆ ಕಂಡರೆ ಅದೇ ನಿಮ್ಮ ತೆನೆ. ಹೊರಗೆ ಬರಲು ಇನ್ನೂ ತಿಂಗಳಿದೆ, ಆದರೆ ಎಷ್ಟು ಕಾಳು ಎನ್ನುವ ತೀರ್ಮಾನ ಈಗಲೇ ಆಗುತ್ತಿದೆ.

ಆ ತೀರ್ಮಾನ ಮಾಡುವುದು ಮತ್ತೆ ಸೈಟೊಕೈನಿನ್. 2005ರಲ್ಲಿ ಜಪಾನಿನ ಸಂಶೋಧಕರು ಎರಡು ತಳಿ ಹೋಲಿಸಿ ನೋಡಿದರು. ಕಾಳು ಹೆಚ್ಚು ಬಿಡುವ ತಳಿಯಲ್ಲಿ ಸೈಟೊಕೈನಿನ್ ಒಡೆಯುವ ಕಿಣ್ವ ಕಡಿಮೆಯಿತ್ತು. ಹಾರ್ಮೋನು ಉಳಿಯಿತು, ತೆನೆಯ ಕವಲು ಹೆಚ್ಚಿತು. ಸಾರಜನಕ ಸಿಕ್ಕ ಬೇರು ಸೈಟೊಕೈನಿನ್ ಹೆಚ್ಚು ಕಳಿಸುತ್ತದೆ. ಹಾಗಾಗಿ ಮೂರನೇ ಕಂತು ಈ ಬಿಳೀ ಮೂತಿ ಕಂಡ ದಿನಕ್ಕೆ. ತೆನೆ ಹೊರಬಂದ ಮೇಲೆ ಹಾಕಿದ ಯೂರಿಯಾ ಕಾಳಿನ ಸಂಖ್ಯೆ ಹೆಚ್ಚಿಸದು, ರೋಗಕ್ಕೆ ಊಟ ಹಾಕಿದ ಹಾಗೆ ಅಷ್ಟೇ.

ಎತ್ತರದ ಲೆಕ್ಕವೂ ಇಲ್ಲೇ ಬರುತ್ತದೆ. 1966ರ ಐಆರ್8, 1968ರ ನಮ್ಮ ಜಯಾ ಈ ತಳಿಗಳೆಲ್ಲ ಗಿಡ್ಡ ಯಾಕೆ? ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವ ಅವುಗಳಲ್ಲಿ ಕೆಟ್ಟಿದೆ. ಇದು ಬಯಲಾದದ್ದು 2002ರಲ್ಲಿ. ಹಸಿರು ಕ್ರಾಂತಿಯ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಅವರ ಗಿಡ್ಡ ಗೋಧಿಯ ಕಥೆ ಸ್ವಲ್ಪ ಬೇರೆ. ಅದರಲ್ಲಿ ಜಿಬ್ಬರೆಲಿನ್ ಇದೆ, ಗಿಡಕ್ಕೆ ಕಿವಿ ಮಂದ. ಎರಡರಲ್ಲೂ ಹುಲ್ಲಿಗೆ ಹೋಗುವುದು ಉಳಿದು ಕಾಳಿಗೆ ಬಂತು, ಗೊಬ್ಬರ ಹಾಕಿದರೂ ಬೀಳದ ಕಾಂಡ ಸಿಕ್ಕಿತು. ಜಯಾಕ್ಕೆ ಹೊರಗಿನಿಂದ ಜಿಬ್ಬರೆಲಿನ್ ಕೊಟ್ಟರೆ ಅದು ಮತ್ತೆ ಏರುತ್ತದೆ. ಗಿಡ್ಡ ಮಾಡಲು ಅಷ್ಟು ಮಂದಿ ಪಟ್ಟ ಪಾಡು ನೀರುಪಾಲಾಯಿತಲ್ವಾ?

ಹಾಗಾದರೆ ಬಾಟಲಿ ಯಾರಿಗೆ ಬೇಕು? ಹೈಬ್ರಿಡ್ ಬೀಜ ಮಾಡುವವರಿಗೆ ನಿಜವಾಗಿ ಬೇಕು. ಅವರ ಹೆಣ್ಣು ಸಾಲಿನ ತೆನೆ ಹೊಡೆಯೊಳಗೇ, ಅಂದರೆ ಎಲೆಯ ಕವಚದೊಳಗೇ, ಅರ್ಧ ಸಿಕ್ಕಿಕೊಳ್ಳುತ್ತದೆ, ಜಿಬ್ಬರೆಲಿನ್ ಹೊಡೆದರೆ ಹೊರಗೆ ಚಾಚುತ್ತದೆ. ನಮ್ಮಂಥವರು ನೋಡಲೇಬೇಕೆಂದರೆ ಬಾಟಲಿಯ ಮೇಲೆ ವಸ್ತುವಿನ ಹೆಸರು, ಶೇಕಡಾ ಎಷ್ಟು, ಭತ್ತಕ್ಕೆ ಎಂದು ಬರೆದಿದೆಯೇ ಓದಿ, ಬಿಲ್ ತನ್ನಿ. ಬರೀ "ಟಾನಿಕ್" ಎಂದಿದ್ದರೆ ಬಿಡಿ. ಕಡಲಪಾಚಿಯ ರಸದಂಥ ಜೈವಿಕ ಉತ್ತೇಜಕಗಳನ್ನೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದ್ದಾರೆ. ಎರಡು ಗುಂಟೆಗೆ ಹೊಡೆದು, ಪಕ್ಕದ ಎರಡು ಗುಂಟೆ ಹಾಗೇ ಬಿಟ್ಟು, ಕೊಯ್ಲಿನಲ್ಲಿ ಬೇರೆ ಬೇರೆ ತೂಗಿ. ಎಳನೀರಲ್ಲೂ ಸೈಟೊಕೈನಿನ್ ಇದೆ, ಪ್ರಯೋಗಾಲಯದಲ್ಲಿ ಅಂಗಾಂಶ ಬೆಳೆಸಲು ಬಳಸುತ್ತಾರೆ ಎಂಬುದು ನಿಜ. ಅದಕ್ಕೆಂದು ಗದ್ದೆಗೆ ಸುರಿಯಲು ಹೋಗಬೇಡಿ. ಸಿಂಪಡಿಸಿ ದಣಿದ ಮೇಲೆ ಕುಡಿಯಿರಿ.

ಹೂವು, ಹಾಲು, ಮಳೆ

ಹೂವಾಡುವಾಗ ಗದ್ದೆ ಒಣಗಬಾರದು. ನೀರು ಕಡಿಮೆಯಾದರೆ ಬೇರು, ಎಲೆ ಎರಡರಲ್ಲೂ ಅಬ್ಸಿಸಿಕ್ ಆಮ್ಲ ಏರುತ್ತದೆ. ಎಲೆಯ ರಂಧ್ರ ಮುಚ್ಚಿ ಗಿಡ ನೀರು ಉಳಿಸುತ್ತದೆ ನಿಜ, ಆದರೆ ಪರಾಗ ಕೆಡುತ್ತದೆ, ಜೊಳ್ಳು ಏರುತ್ತದೆ. ಬೆಳಗಿನ ಒಂಬತ್ತರಿಂದ ಮಧ್ಯಾಹ್ನದವರೆಗೆ ಹೂವು ತೆರೆದಿರುವಾಗ ಯಾವ ಔಷಧವನ್ನೂ ಸಿಂಪಡಿಸಬೇಡಿ.

ಕಾಳು ಗಟ್ಟಿಯಾದ ಮೇಲೆ, ಕೊಯ್ಲಿಗೆ 10–15 ದಿನ ಮುಂಚೆ ನೀರು ತೆಗೆಯಿರಿ. ನೂರಕ್ಕೆ 80–85 ಕಾಳು ಹೊಂಬಣ್ಣಕ್ಕೆ ತಿರುಗಿದರೆ ಕೊಯ್ಯಿರಿ, ಎಲ್ಲವೂ ಹಣ್ಣಾಗಲೆಂದು ಕಾಯಬೇಡಿ. ಅಷ್ಟರಲ್ಲಿ ಮಳೆ ಹಿಡಿದು ಪೈರು ಮಲಗಿದರೆ ತೆನೆಯಲ್ಲೇ ಮೊಳಕೆ ಬರುತ್ತದೆ. ನನ್ನ ಚಾಪೆ ಹಾಸಿದ ಗದ್ದೆಯಲ್ಲಿ ನಾಲ್ಕನೇ ದಿನಕ್ಕೇ ಹಸಿರು ಮೂತಿ ಕಂಡಿತ್ತು. ನಿದ್ದೆ ಹೆಚ್ಚಿರುವ ತಳಿ, ಅಂದರೆ ಅಬ್ಸಿಸಿಕ್ ಆಮ್ಲದ ಹಿಡಿತ ಬಿಗಿಯಿರುವ ತಳಿ ಸ್ವಲ್ಪ ತಡೆಯುತ್ತದೆ. ಬಿದ್ದ ತೆನೆಗಳನ್ನು ನಾಲ್ಕೈದು ಬುಡ ಸೇರಿಸಿ ಎತ್ತಿ ಕಟ್ಟಿ, ನೀರು ಬಿಡಿಸಿ. ಲೀಟರಿಗೆ 50 ಗ್ರಾಂ ಅಡುಗೆ ಉಪ್ಪು ಕರಗಿಸಿ ತೆನೆಗೆ ಸಿಂಪಡಿಸಿದರೆ ಮೊಳಕೆ ತಡವಾಗುತ್ತದೆ. ಉಪ್ಪು ತಾಗಿದ ಹುಲ್ಲಿಗೆ ದನಗಳದ್ದೇನೂ ತಕರಾರಿಲ್ಲ.

ಬೀಜಕ್ಕೆ ಇಡುವ ಭತ್ತವನ್ನು ಬೀಳದ ಕಡೆಯಿಂದ ಆರಿಸಿ, ತೇವ ಶೇಕಡಾ 13ಕ್ಕೆ ಇಳಿಯುವವರೆಗೆ ಒಣಗಿಸಿ, ಹುಲ್ಲಿನ ಮುಡಿ ಕಟ್ಟಿ. ಕೊಯ್ದ ಕೂಡಲೇ ಮೊಳಕೆ ಪರೀಕ್ಷೆ ಮಾಡಿ ಗಾಬರಿ ಬೀಳಬೇಡಿ, ಹೊಸ ಕಾಳು ಇನ್ನೂ ನಿದ್ದೆಯಲ್ಲಿರುತ್ತದೆ. ಏಪ್ರಿಲ್, ಮೇ ಹೊತ್ತಿಗೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ 80 ಮೊಳೆತರೆ ಆ ಮುಡಿ ಬಿತ್ತಲು ಸಾಕು. ಕಳೆದ ಮೇನಲ್ಲಿ ನನ್ನದು 91 ಬಂತು.